ಕೈ ಎತ್ತಿದರೆ ಒಪ್ಪಿಗೆ

ಹೂವಿನ ಮಾರುಕಟ್ಟೆಯಲ್ಲಿ ನಮ್ಮ ಯಜಮಾನರಿಗೆ ‘ಕಾಯಿದೆ’ ಎಂದು ಹೆಸರು. ಎದುರಿಗೆ ‘ಅಣ್ಣಾ’ ಎನ್ನುತ್ತಾರೆ. ಬೆನ್ನು ತಿರುಗಿದ ಕೂಡಲೇ ‘ಕಾಯಿದೆ ಹೋಯ್ತು, ಇನ್ನು ಉಸಿರಾಡಿ’ ಎನ್ನುತ್ತಾರೆ. ಇದು ನನಗೆ ಗೊತ್ತಿಲ್ಲ ಎಂದು ಅವರೆಲ್ಲ ನಂಬಿದ್ದಾರೆ. ಪಾತ್ರೆ ತೊಳೆಯುವಾಗ ನಾನೂ ಅದೇ ಹೆಸರು ಹಿಡಿದು ಬೈಯುತ್ತೇನೆ ಎಂಬುದು ಪಾಪ ಅವರಿಗೇ ಗೊತ್ತಿಲ್ಲ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ಹರಾಜಿನ ಹಾಲ್‌ನಲ್ಲಿ ಹೂ ಮಾರುವ ಕ್ರಮವೇ ಬೇರೆ. ಬೆಳೆದವರು ತಮ್ಮ ಬಕೆಟ್‌ಗಳ ಪಕ್ಕದಲ್ಲಿ ನಿಲ್ಲಬೇಕು. ವ್ಯಾಪಾರಿಗಳು ಎದುರಿನ ಮೆಟ್ಟಿಲುಗಳ ಮೇಲೆ ಕೂತು ಬೆಲೆ ಏರಿಸುತ್ತಾರೆ. ಮೇಜಿನ ಹಿಂದೆ ಮೈಕು ಹಿಡಿದು ಹರಾಜು ಕೂಗುವವನು ನನ್ನ ಸ್ವಂತ ತಮ್ಮ. ಬೆಲೆ ಸಾಕು ಅನ್ನಿಸಿದಾಗ ಬೆಳೆದವರು ಕೈ ಎತ್ತಬೇಕು. ಆಗ ನನ್ನ ತಮ್ಮ ತನ್ನ ತಲೆಯ ಮೇಲಿನ ಹಗ್ಗ ಎಳೆದು ಗಂಟೆ ಹೊಡೆಯುತ್ತಾನೆ. ಅಲ್ಲಿಗೆ ಹೂ ಕೈಬಿಟ್ಟ ಹಾಗೆ. ಮೊದಲೆಲ್ಲ ಗಂಟೆ ಹೊಡೆದ ಮೇಲೂ ‘ನಾನು ಒಪ್ಪಿರಲಿಲ್ಲ, ಬೆವರು ಒರೆಸಿಕೊಂಡೆ’ ಎಂದು ಜಗಳ ಆಗುತ್ತಿತ್ತಂತೆ. ನಮ್ಮ ಯಜಮಾನರು ಮಾರುಕಟ್ಟೆ ಸಮಿತಿಗೆ ಬಂದ ವರ್ಷ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಬಿಟ್ಟರು: ಕೈ ಎತ್ತಿದರೆ ಒಪ್ಪಿಗೆ. ಗಂಟೆ ಬಿದ್ದ ಮೇಲೆ ಮಾತಿಲ್ಲ.

ಅಂದಿನಿಂದ ಆ ಹಾಲ್‌ನಲ್ಲಿ ಯಾರೂ ಸುಮ್ಮಸುಮ್ಮನೆ ಕೈ ಎತ್ತುವುದಿಲ್ಲ. ಕಿವಿ ತುರಿಸಿದರೆ ಹೊರಗೆ ಹೋಗಿ ತುರಿಸಿಕೊಂಡು ಬರುತ್ತಾರೆ. ಒಂದು ಸಲ ಲಿಲ್ಲಿ ಬೆಳೆಯುವ ಅಕ್ಕನ ಮುಖದ ಹತ್ತಿರ ಕಣಜದ ಹುಳವೊಂದು ಸುತ್ತಿತು. ಅಕ್ಕ ಅದನ್ನು ಓಡಿಸಲು ಕೈ ಬೀಸಿದಳು, ಗಂಟೆ ಬಿತ್ತು, ಅವತ್ತಿನ ಅಷ್ಟೂ ಲಿಲ್ಲಿ ಮಣ್ಣಿನ ಬೆಲೆಗೆ ಹೋಯಿತು. ಅಕ್ಕ ಸಮಿತಿಯ ಮುಂದೆ ಕಣಜ ಕಚ್ಚಿದ ಮೂಗನ್ನೇ ಸಾಕ್ಷಿಯಾಗಿ ತೋರಿಸಿದಳು. ನಮ್ಮವರು ಮೂಗನ್ನು ಒಪ್ಪಿದರು, ದೂರನ್ನು ಒಪ್ಪಲಿಲ್ಲ. ‘ಗಂಟೆ ಅಂದ್ರೆ ಗಂಟೆ ಅಕ್ಕಾ’ ಎಂದರು. ಅಕ್ಕ ನನ್ನ ಗೆಳತಿ. ‘ನಿನ್ನ ಗಂಡನಿಗೂ ಒಂದಿನ ಕಣಜ ಬರ್ಲಿ’ ಎಂದು ನನ್ನೆದುರಿಗೇ ಹರಸಿ ಹೋಗಿದ್ದಳು.

ಆಮೇಲೆ ಆ ರೋಗದ ವರ್ಷ ಬಂತು. ಹಾಲ್‌ಗೆ ಬೀಗ ಬಿತ್ತು. ಮದುವೆಗಳಿಲ್ಲ, ಸಭೆಗಳಿಲ್ಲ, ಸತ್ತವರ ಮೇಲಿಡುವುದಕ್ಕೂ ಹೂ ಕೇಳುವವರಿಲ್ಲ. ಆದರೆ ನಮ್ಮ ಗುಲಾಬಿ ಗಿಡಕ್ಕೆ ಲಾಕ್‌ಡೌನ್ ಅಂದರೆ ಏನು ಗೊತ್ತು? ಅದು ಹೂ ಬಿಡುತ್ತಲೇ ಇತ್ತು. ಮೊಗ್ಗು ಕೊಯ್ಯದೆ ಬಿಟ್ಟರೆ ಹೂ ಗಿಡದಲ್ಲೇ ಕೊಳೆತು ಬೂಷ್ಟು ಹಿಡಿಯುತ್ತದೆ, ಗಿಡವೂ ಹಾಳಾಗುತ್ತದೆ. ಹಾಗಾಗಿ ಇವರು ದಿನಾ ಬೆಳಗ್ಗೆ ಕತ್ತರಿ ಹಿಡಿದು, ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಸಿದ ನಮ್ಮ ಪಾಲಿಹೌಸಿಗೆ ಹೋಗುತ್ತಿದ್ದರು. ಮಾರಾಟಕ್ಕೆ ಕೊಯ್ಯುವ ಹಾಗೆಯೇ ಉದ್ದ ಕಾಂಡ ಇಟ್ಟು ಕೊಯ್ದು, ಬಕೆಟ್ ತುಂಬಿಸಿ, ಹಿಂದಿನ ಗುಂಡಿಗೆ ಸುರಿದು ಮಣ್ಣು ಎಳೆಯುತ್ತಿದ್ದರು. ಬಂದು ಕೈಕಾಲು ತೊಳೆದು ತಿಂಡಿಗೆ ಕೂರುತ್ತಿದ್ದರು. ಒಂದು ಮಾತಿಲ್ಲ. ಅತ್ತರೆ ಸಮಾಧಾನ ಮಾಡಬಹುದು, ಕೂಗಾಡಿದರೆ ತಿರುಗಿ ಕೂಗಾಡಬಹುದು. ಉಪ್ಪು ಕಡಿಮೆಯಾಗಿದೆ ಎಂದು ಕೂಡ ಹೇಳದ ಗಂಡನನ್ನು ಇಟ್ಟುಕೊಂಡು ಏನು ಮಾಡುವುದು? ನಾನು ಬೇಕೆಂದೇ ಒಂದು ದಿನ ಉಪ್ಪೇ ಹಾಕಲಿಲ್ಲ. ಆಗಲೂ ಸುಮ್ಮನೆ ಉಂಡೆದ್ದರು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ರೋಗ ಹೋಯಿತು, ಹಾಲ್ ತೆರೆಯಿತು. ಅಷ್ಟರಲ್ಲಿ ಒಂದು ಗಾಳಿ ಬಂದು ಪಾಲಿಹೌಸಿನ ಪ್ಲಾಸ್ಟಿಕ್ ಹೊದಿಕೆಯನ್ನು ಈ ಕಡೆಯಿಂದ ಆ ಕಡೆಯವರೆಗೆ ಹರಿದು ಹಾಕಿತು. ಹೊಸ ಹೊದಿಕೆಗೆ ನಮ್ಮ ಕೈಯಲ್ಲಿ ಏನೂ ಉಳಿದಿರಲಿಲ್ಲ. ಹೊದಿಕೆ ಇಲ್ಲದ ಗುಲಾಬಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಇವರು ಹರಿದ ಪ್ಲಾಸ್ಟಿಕ್ಕಿನ ಕೆಳಗೆ ನಿಂತು ಮೇಲೆ ನೋಡಿ, ‘ಪೈಪುಗಳನ್ನ ಗುಜರಿಗೆ ಕೊಟ್ಟುಬಿಡೋಣ. ಗಿಡ ಕಿತ್ತು ಜೋಳ ಹಾಕೋಣ’ ಎಂದರು. ಗುಲಾಬಿಯ ಮನುಷ್ಯ ಜೋಳದ ಮಾತು ಆಡಿದ್ದರು.

ಅದೇ ಹೊತ್ತಿಗೆ, ರೋಗದ ವರ್ಷ ಬೆಳೆ ಹಾಳಾದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ ಎಂದು ಸುದ್ದಿ ಬಂತು. ನಾನು ಹೇಳಿದ್ದಕ್ಕೆ ಇವರು, ‘ನಾನು ಯಾರ ಮುಂದೂ ಕೈ ಚಾಚಿದವನಲ್ಲ. ಇನ್ನೊಂದ್ಸಲ ಆ ಮಾತು ಎತ್ಬೇಡ’ ಎಂದರು. ಎತ್ತಲಿಲ್ಲ. ಲಿಲ್ಲಿ ಅಕ್ಕನನ್ನು ಕರೆದುಕೊಂಡು ಹೋಗಿ ಅರ್ಜಿ ತಂದೆ, ಇದ್ದದ್ದನ್ನು ಇದ್ದ ಹಾಗೆ ತುಂಬಿಸಿದೆ, ಗೊಬ್ಬರದ ಚೀಟಿಗಳ ನಡುವೆ ಇಟ್ಟು ಇವರ ಮುಂದೆ ಹಿಡಿದೆ. ನಾನು ಬೆರಳಿಟ್ಟಲ್ಲಿ ಸಹಿ ಹಾಕುವುದು ಇವರಿಗೆ ಮದುವೆಯಾದಾಗಿನಿಂದ ಅಭ್ಯಾಸ. ಜನರೆದುರು ಹಾಕಲು ನಾಚಿಕೆ, ಹಾಗಾಗಿ ಕನ್ನಡಕ ಸದಾ ಜೇಬಿನಲ್ಲಿರುತ್ತದೆ, ಮೂಗಿನ ಮೇಲೆ ಬರುವುದು ಬಾಗಿಲು ಹಾಕಿದ ಮೇಲೆ ಮಾತ್ರ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮೋಸ ಅನ್ನುವವರು ಅನ್ನಲಿ. ಗಿಡಗಳು ನನ್ನವೂ ಹೌದು.

ಅರ್ಜಿ ಒಪ್ಪಿಗೆಯಾಯಿತು. ಆದರೆ ತೋಟಗಾರಿಕೆ ಇಲಾಖೆಯ ಮೇಡಂ ಒಂದು ಹೊಸ ಕಟ್ಟಳೆ ತಂದರು. ಯಾರಿಗೆ ಎಷ್ಟು ಪರಿಹಾರ ಎಂಬುದನ್ನು ಊರಿಗೆಲ್ಲ ತೋರಿಸಬೇಕು, ತಕರಾರು ಇದ್ದವರು ಹೇಳಬೇಕು, ಆಮೇಲೆಯೇ ಹಣ. ಹಾಲ್‌ನ ಹೊರಗೋಡೆಗೆ ಬಸ್ಸುಗಳ ವೇಳಾಪಟ್ಟಿಯ ಪಕ್ಕದಲ್ಲಿ ಹೆಸರುಗಳನ್ನು ಅಂಟಿಸಿದರು. ಆ ವಾರ ನಮ್ಮ ಜನಕ್ಕೆ ಬಸ್ಸುಗಳ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಸ್ವಂತ ಟೆಂಪೊ ಇದ್ದವರೂ ಬಂದು ಬಸ್ಸಿನ ಹೊತ್ತು ನೋಡುತ್ತಾ ಓರೆಗಣ್ಣು ಬಿಡುತ್ತಿದ್ದರು. ಯಾರೂ ಯಾರನ್ನೂ ಕೇಳಲಿಲ್ಲ. ತಂತಮ್ಮ ಹೆಸರೂ ಅಲ್ಲಿತ್ತಲ್ಲ!

ಓದದೆ ಉಳಿದವರು ಇವರೊಬ್ಬರೇ. ಅಕ್ಷರ ಇರುವೆಯಷ್ಟಿತ್ತು, ಕನ್ನಡಕ ಜೇಬಿನಲ್ಲಿತ್ತು. ಓದಲಾಗದ ಸಿಟ್ಟನ್ನು ಮೇಡಂ ಮೇಲೆ ತೀರಿಸಿಕೊಂಡು ಬಂದರು. ಊಟಕ್ಕೆ ಕೂತವರು ಬಹಳ ದಿನಗಳ ಮೇಲೆ ಬಾಯಿ ಬಿಟ್ಟರು.

‘ಮೇಡಂಗೆ ಹೇಳಿ ಬಂದೆ. ಇರುವೆ ಸಾಲು ಅಂಟಿಸಿದ್ರೆ ಊರಿಗೆ ಹೇಳಿದ ಹಾಗಾಗಲ್ಲ. ಶನಿವಾರ ಹರಾಜು ಮುಗಿದ ಮೇಲೆ ಮೈಕಲ್ಲಿ ಓದ್ಸಿ, ಎಲ್ಲರೂ ಕೇಳ್ಲಿ ಅಂದೆ. ತಕ್ಷಣ ಒಪ್ಪಿದ್ರು.’

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ‘ಮೈಕಲ್ಲಾ?’ ಎಂದೆ.

‘ಮತ್ತೆ? ಸರ್ಕಾರದ ಹಣ ಅಂದ್ರೆ ಎಲ್ಲರ ಹಣ. ಯಾರು ತಗೊಂಡ್ರು ಅಂತ ಎಲ್ಲರಿಗೂ ಗೊತ್ತಾಗ್ಬೇಕು.’

ಗೊತ್ತಾಗುತ್ತೆ ಬಿಡಿ, ಎಂದುಕೊಂಡೆ. ಹೆಸರು ಬಂದ ಕೂಡಲೇ ಇವರು ಎದ್ದು ನಿಂತು ಬೇಡ ಎನ್ನುತ್ತಾರೆ. ಪರಿಹಾರ ಹೋಗುತ್ತದೆ. ಸೋಮವಾರ ಇವರು ಬರಹೇಳಿರುವ ಗುಜರಿಯವನು ಬರುತ್ತಾನೆ, ಪೈಪು ಹೋಗುತ್ತದೆ. ಆಮೇಲೆ ಗುಲಾಬಿ. ಆಮೇಲೆ ಉಪ್ಪಿಲ್ಲದ ಸಾರು ಉಣ್ಣುವ ಆ ಮನುಷ್ಯ ಮಾತ್ರ ಉಳಿಯುತ್ತಾರೆ.

ಮಾರನೇ ದಿನ ತಮ್ಮನ ಮನೆಗೆ ಓಡಿದೆ. ಅವನು ಹಿತ್ತಲಿನಲ್ಲಿ ಗಂಟಲಿಗೆ ಉಪ್ಪುನೀರು ಹಾಕಿ ಗಳಗಳ ಮಾಡುತ್ತಿದ್ದ.

‘ನಿಮ್ಮ ಭಾವನ ಹೆಸರು ಬಂದಾಗ ಸ್ವಲ್ಪ ಮೆಲ್ಲಗೆ ಓದೋ.’

ಅವನು ನೀರು ಉಗುಳಿದ. ‘ಮೈಕಲ್ಲಿ ಮೆಲ್ಲಗೆ ಓದೋದು ಹೇಗಕ್ಕಾ?’

‘ಹಾಗಾದ್ರೆ ಹಾರಿಸಿಬಿಡು.’

‘ಹಾರಿಸಿದ್ರೆ ಹಣಾನೂ ಹಾರಿಹೋಗುತ್ತೆ. ಓದದ ಹೆಸರಿಗೆ ಕೊಡಲ್ಲ ಅಂತ ಮೇಡಂ ಹೇಳಿದ್ದಾರೆ, ಪಕ್ಕದಲ್ಲೇ ನಿಂತಿರ್ತಾರೆ.’ ಆಮೇಲೆ ನನ್ನ ಮುಖ ನೋಡಿ ಅವನಿಗೆ ಮರುಕ ಬಂದಿರಬೇಕು. ‘ಭಾವನ್ನ ಮನೇಲೇ ಕೂಡಿಹಾಕು. ಹೊಟ್ಟೆನೋವು ಅಂತ ಮಲಗು’ ಎಂದ.

ಶನಿವಾರ ಹೊಟ್ಟೆನೋವು ಎಂದು ಮಲಗಿದೆ. ಇವರು ಓಮದ ನೀರು ಕುದಿಸಿ ತಂದು ಕುಡಿಸಿ, ಕಂಬಳಿ ಹೊದಿಸಿ, ‘ಬಂದು ಎಲ್ಲಾ ಹೇಳ್ತೀನಿ, ನೀನು ಮಲಗಿರು’ ಎಂದು ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟೇಬಿಟ್ಟರು. ಕಂಬಳಿ ಒದ್ದು ಹಿಂದೆಯೇ ಓಡಿದೆ. ಬಾಯೆಲ್ಲ ಓಮದ ಕಾರ.

ಹಾಲ್ ತುಂಬಿತ್ತು. ಸಿಮೆಂಟಿನ ನೆಲ ಇನ್ನೂ ಒದ್ದೆ, ಮೂಲೆಯಲ್ಲಿ ಎಲೆ ಮತ್ತು ಕಾಂಡದ ಗುಡ್ಡೆ. ವ್ಯಾಪಾರಿಗಳು ಕೂರುವ ಮೆಟ್ಟಿಲುಗಳ ಮೇಲೆ ಅವತ್ತು ಬೆಳೆಗಾರರೇ ಮನೆಮಂದಿಯ ಸಮೇತ ಕೂತಿದ್ದರು. ಲಿಲ್ಲಿ ಅಕ್ಕ ನನಗೆ ಜಾಗ ಹಿಡಿದಿದ್ದಳು. ಇವರು ಎಲ್ಲರಿಗಿಂತ ಮುಂದೆ, ಹೂವಿಲ್ಲದಿದ್ದರೂ ತಮ್ಮ ಬಕೆಟ್‌ಗಳು ಇರುವ ಮಾಮೂಲಿ ಜಾಗದಲ್ಲಿ ಕೈಕಟ್ಟಿ ನಿಂತಿದ್ದರು.

ಮೇಡಂ ಚಿಕ್ಕ ವಯಸ್ಸಿನವರು, ಬೆಳಗಿನಿಂದ ಊಟ ಮಾಡಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ‘ಒಂದೊಂದೇ ಹೆಸರು ಓದ್ತಾರೆ. ತಕರಾರು ಇದ್ದವರು ಕೈ ಎತ್ತಿ’ ಎಂದರು. ಹಾಲ್‌ನಲ್ಲಿ ಕಿಸಕ್ಕನೆ ನಗು ಎದ್ದಿತು. ಯಾಕೆಂದು ಮೇಡಂಗೆ ಗೊತ್ತಾಗಲಿಲ್ಲ.

ತಮ್ಮ ಶುರುಮಾಡಿದ. ಅವನಿಗೆ ಓದುವುದು ಎಂದರೆ ಕೂಗುವುದೇ. ಸೇವಂತಿ ಬೆಳೆಯುವವರ ಹೆಸರು, ಎಷ್ಟು ಮಡಿ ಗಿಡ, ಏನು ಹಾಳಾಯಿತು, ಎಷ್ಟು ಪರಿಹಾರ. ಎಲ್ಲವನ್ನೂ ಹರಾಜಿನ ರಾಗದಲ್ಲೇ ಹಾಡಿ, ಕೊನೆಗೆ ‘ತಕರಾರು ಉಂಟಾ? ಉಂಟಾ? ಇಲ್ಲಾ!’ ಎನ್ನುತ್ತಿದ್ದ. ಮೊದಮೊದಲು ಹೆಸರು ಬಂದವರು ನೆಲ ನೋಡುತ್ತಿದ್ದರು. ಆಮೇಲೆ ಆಮೇಲೆ ‘ಓಹೋ, ನೀನೂನಾ?’ ‘ನೀನೂನಾ?’ ಎಂದು ಒಬ್ಬರನ್ನೊಬ್ಬರು ತಿವಿದು ನಗಲು ಶುರುಮಾಡಿದರು. ಜಂಬದಿಂದ ಮೂಗೆತ್ತಿ ತಿರುಗುವ ಆರ್ಕಿಡ್ ದಂಪತಿಯ ಹೆಸರು ಬಂದಾಗಂತೂ ಚಪ್ಪಾಳೆಯೇ ಬಿತ್ತು. ಅವರೂ ಬೇರೆ ದಾರಿಯಿಲ್ಲದೆ ನಕ್ಕರು.

ನಡುವೆ, ಬೆಳೆಯದೆ ಬರೀ ಕಮಿಷನ್ ಮೇಲೆ ಬದುಕುವ ದಲ್ಲಾಳಿಯೊಬ್ಬನ ಹೆಸರು ಬಂತು. ‘ಕಾರ್ನೇಶನ್, ಪೂರ್ತಿ ಒಂದು ಪಾಲಿಹೌಸು!’ ಎಂದು ತಮ್ಮ ಕೂಗಿದ. ಯಾರೂ ಕೈ ಎತ್ತಲಿಲ್ಲ. ಬದಲಿಗೆ ಎಲ್ಲರೂ ಒಟ್ಟಿಗೆ ಕೆಮ್ಮಿದರು. ಲಿಲ್ಲಿ ಅಕ್ಕ ಎದ್ದು, ‘ಅದು ಪಾಲಿಹೌಸಾ, ಅಥವಾ ನಿಮ್ಮ ಬಾಲ್ಕನಿಯಲ್ಲಿ ನಾಲ್ಕು ಕುಂಡ ಇದೆಯಲ್ಲ, ಅದಾ?’ ಎಂದು ಕೇಳಿದಳು. ದಲ್ಲಾಳಿ ಇಂಗು ತಿಂದ ಮಂಗನ ಹಾಗೆ ಅತ್ತಿತ್ತ ನೋಡಿ, ‘ಅದು... ಬರೆಯೋರು ತಪ್ಪು ಬರೆದಿರಬೇಕು, ತೆಗೆದುಬಿಡಿ ಮೇಡಂ’ ಎಂದು ಕೂತುಬಿಟ್ಟ. ಮೇಡಂ ಗೆರೆ ಎಳೆದರು.

ನಮ್ಮವರ ಖುಷಿ ನೋಡಬೇಕಿತ್ತು! ನನ್ನ ಕಡೆ ತಿರುಗಿ, ನಾನು ಹೊಟ್ಟೆನೋವಿನವಳು ಇಲ್ಲಿ ಹೇಗೆ ಬಂದೆ ಎಂದು ಕೂಡ ಕೇಳದೆ, ‘ನೋಡಿದ್ಯಾ? ಮೈಕು ಅಂದ್ರೆ ಇದು!’ ಎಂದರು.

ಮುಂದಿನ ಹೆಸರು ಅವರದೇ.

ನನ್ನ ತಮ್ಮ ಗಂಟಲು ಸರಿಮಾಡಿಕೊಂಡ. ಒಂದೇ ಉಸಿರಿಗೆ ಹೆಸರು, ಗುಲಾಬಿ, ಮಡಿ, ಪರಿಹಾರ ಎಲ್ಲ ಓದಿ, ‘ತಕರಾರು ಉಂಟಾ ಉಂಟಾ ಇಲ್ಲಾ’ ಎನ್ನುವಷ್ಟರಲ್ಲಿ ಇವರಿಗೆ ಅರ್ಥವಾಯಿತು. ಕಟ್ಟಿದ ಕೈ ಬಿಚ್ಚಿತು. ಮುಖ ಕೆಂಡವಾಯಿತು.

‘ಏಯ್! ನನ್ನ ತಕರಾರಿದೆ!’ ಎಂದು ಬಲಗೈ ಎತ್ತಿಬಿಟ್ಟರು.

ಢಣ್!

ಗಂಟೆ ಬಿತ್ತು. ನನ್ನ ತಮ್ಮ ಹಗ್ಗ ಹಿಡಿದುಕೊಂಡೇ ಬೆಪ್ಪಾಗಿ ತನ್ನ ಕೈಯನ್ನು ನೋಡುತ್ತಿದ್ದ. ಇವರ ಕೈ ಇನ್ನೂ ಮೇಲೆಯೇ ಇತ್ತು, ಸರಿಯಾಗಿ ಆ ಕೆಂಪು ಅಕ್ಷರಗಳ ಕೆಳಗೆ. ಆಮೇಲೆ ನನ್ನ ಪಕ್ಕದಿಂದ, ವರ್ಷಗಟ್ಟಲೆ ಕಾದಿದ್ದ ದನಿಯೊಂದು ಎದ್ದಿತು.

‘ಗಂಟೆ ಅಂದ್ರೆ ಗಂಟೆ ಅಣ್ಣಾ!’

ಹಾಲ್‌ನ ತಗಡಿನ ಚಾವಣಿ ಹಾರಿಹೋಗುವ ಹಾಗೆ ಜನ ನಕ್ಕರು. ಲಿಲ್ಲಿ ಅಕ್ಕ ಹೊಟ್ಟೆ ಹಿಡಿದುಕೊಂಡು, ತನ್ನ ಮೂಗನ್ನು ಎಲ್ಲರಿಗೂ ತೋರಿಸುತ್ತಿದ್ದಳು. ‘ಬಂತು ಕಣೇ ಕಣಜ!’ ಎಂದು ನನ್ನ ತೊಡೆಗೆ ಹೊಡೆದಳು. ನಾನು ನಗಲಿಲ್ಲ. ಇವರ ಮುಖವನ್ನೇ ನೋಡುತ್ತಿದ್ದೆ.

ಇವರು ಕೈ ಇಳಿಸಿ, ‘ನಾನು ಅರ್ಜಿ ಹಾಕಿಲ್ಲ ಮೇಡಂ. ನಾನು ಕೈ ಚಾಚೋನಲ್ಲ’ ಎಂದರು.

ಮೇಡಂ ಅರ್ಜಿ ಹುಡುಕಿ ತೆಗೆದರು. ‘ಸಹಿ ನಿಮ್ಮದೇ ಇದೆಯಲ್ಲ?’

‘ಹಾಕ್ಸಿದ್ದು ನಾನು’ ಎಂದು ಎದ್ದು ನಿಂತೆ. ‘ಬರೆದದ್ದೂ ನಾನೇ. ಒಂದಕ್ಷರ ಸುಳ್ಳಿದ್ರೆ ಈಗಲೇ ಹೇಳ್ಲಿ, ನಾನೇ ಹರಿದು ಹಾಕ್ತೀನಿ.’

ಮೇಡಂ ಕಾಗದವನ್ನು ಇವರ ಕೈಗೆ ಕೊಟ್ಟರು. ‘ಓದಿ ಸರ್. ಇದರಲ್ಲಿ ಸುಳ್ಳಿದ್ರೆ ಗೆರೆ ಎಳೀತೀನಿ. ನಿಜ ಇದ್ರೆ ಬಿಡ್ತೀನಿ. ಆದ್ರೆ ಬೇಗ ಹೇಳಿ, ನನಗೆ ಹಸಿವಾಗಿ ಕಣ್ಣು ಕತ್ತಲೆ ಬರ್ತಿದೆ.’

ಇವರು ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಕೊನೆಗೆ ಜೇಬಿಗೆ ಕೈ ಹಾಕಿದರು. ಇಡೀ ಮಾರುಕಟ್ಟೆಯ ಎದುರು, ನನ್ನ ಗಂಡ ಕನ್ನಡಕ ಹಾಕಿಕೊಂಡರು. ನಗು ತಾನಾಗಿಯೇ ನಿಂತಿತು. ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದರು. ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಸುಳ್ಳು ಹೇಳುವುದು ಆ ಮನುಷ್ಯನಿಗೆ ಬರುವುದಿಲ್ಲ. ನಾನು ನೆಚ್ಚಿಕೊಂಡದ್ದೂ ಅದನ್ನೇ.

‘ಸುಳ್ಳಿಲ್ಲ’ ಎಂದರು.

ಆಮೇಲೆ ಯಾರೂ ಕೇಳದಿದ್ದರೂ ಮಾತಾಡಿದರು. ‘ದಿನಾ ಕೊಯ್ದೆ. ಬಿಡೋಕಾಗಲ್ವಲ್ಲ, ಗಿಡ ಕೆಡುತ್ತೆ. ಕೊಯ್ದು ಗುಂಡಿಗೆ ಸುರಿದೆ. ಸುರಿದು ಬಕೆಟ್ ತೊಳೆದು ಬಿಸಿಲಿಗೆ ಬೋರಲು ಹಾಕ್ತಿದ್ದೆ. ಬಕೆಟ್ ಯಾಕೆ ತೊಳೀತಿದ್ದೆ ಅಂತ ನನಗೇ ಗೊತ್ತಿಲ್ಲ. ಯಾರಿಗೆ ಅಂತ ತೊಳೀಬೇಕಿತ್ತು?’

ಹಿಂದಿನ ಮೆಟ್ಟಿಲಿನಿಂದ ಆರ್ಕಿಡ್ ಯಜಮಾನ, ‘ನಾನೂ ತೊಳೀತಿದ್ದೆ’ ಎಂದ. ಸೇವಂತಿಯವರು, ‘ನಮ್ಮನೇಲೂ’ ಎಂದರು. ಲಿಲ್ಲಿ ಅಕ್ಕ ಕಣ್ಣು ಒರೆಸಿಕೊಂಡು, ‘ತೊಳೆಯೋದಿರ್ಲಿ, ನಾನು ಆ ಲಿಲ್ಲೀನ ಮಾರೋ ಹಾಗೇ ಕಟ್ಟೂ ಕಟ್ಟಿ ಎಸೀತಿದ್ದೆ. ಎಲ್ಲರ ಹೆಸರೂ ಬಂದಿದೆಯಲ್ಲ ಅಣ್ಣಾ, ನಿಂಗೊಬ್ಬನಿಗೇ ಏನು ಕೊಂಬಿದೆಯಾ?’ ಎಂದು ಗದರಿದಳು.

ಇವರು ಸುತ್ತಲೂ ನೋಡಿದರು. ಅಷ್ಟು ಹೊತ್ತು ಕಿವಿಗೆ ಬಿದ್ದ ಹೆಸರುಗಳೆಲ್ಲ ಎದುರಿಗೇ ಕೂತಿದ್ದವು. ಅದರಲ್ಲಿ ಒಬ್ಬರೂ ಭಿಕ್ಷೆ ಬೇಡುವವರ ಹಾಗೆ ಕಾಣಲಿಲ್ಲ. ಕನ್ನಡಕದ ಹಿಂದೆ ಇವರ ಕಣ್ಣು ತುಂಬಿದ್ದು ನನಗೆ ಅಷ್ಟು ದೂರದಿಂದಲೂ ಕಾಣಿಸಿತು. ನನಗೂ ಅಳು ಬಂತು. ಒಂದು ವರ್ಷದ ಮೇಲೆ ನನ್ನ ಗಂಡ ಮನೆಗೆ ಬಂದ ಹಾಗಿತ್ತು.

‘ಏನು ಬರೀಲಿ ಸರ್?’ ಎಂದರು ಮೇಡಂ.

ಇವರು ಕಾಗದ ಮಡಚಿ ವಾಪಸು ಕೊಟ್ಟರು. ‘ಗಂಟೆ ಬಿದ್ದಿದೆ. ಬಿದ್ದ ಮೇಲೆ ಮಾತಿಲ್ಲ’ ಎಂದರು. ಆಮೇಲೆ ಲಿಲ್ಲಿ ಅಕ್ಕನ ಕಡೆ ತಿರುಗಿ, ‘ಅವತ್ತು ನಿಮ್ಮ ವಿಷಯದಲ್ಲಿ ಸ್ವಲ್ಪ ಜಾಸ್ತಿಯೇ ಆಯ್ತಕ್ಕಾ’ ಎಂದರು. ಅಕ್ಕ, ‘ಸ್ವಲ್ಪ ಅಲ್ಲ, ಸಿಕ್ಕಾಪಟ್ಟೆ’ ಎಂದು ತಿದ್ದಿದಳು.

ಹೊರಡುವಾಗ ತಮ್ಮನನ್ನು ಬಾಗಿಲ ಬಳಿ ಹಿಡಿದೆ. ‘ನಿಜ ಹೇಳೋ, ಬೇಕಂತಲೇ ಹೊಡೆದ್ಯಾ?’

‘ಅಕ್ಕಾ, ಆ ಹಾಲ್‌ನಲ್ಲಿ ಎತ್ತಿದ ಕೈ ಕಂಡ್ರೆ ಹಗ್ಗ ಎಳೆಯೋದು ನನ್ನ ಕೈ. ಅದನ್ನೇ ಕೇಳು’ ಎಂದು ಬಲಗೈಯನ್ನು ನನ್ನ ಮುಂದೆ ಚಾಚಿದ. ಅದರ ಮೇಲೆ ಒಂದು ಏಟು ಕೊಟ್ಟು ಬಂದೆ.

ದಾರಿಯುದ್ದಕ್ಕೂ ಇವರು ಮಾತಾಡಲಿಲ್ಲ. ಆದರೆ ಈ ಮೌನ ಬೇರೆ ಥರದ್ದು. ಕನ್ನಡಕ ತೆಗೆಯಲು ಮರೆತೇ ಹೋಗಿತ್ತು. ಅಂಗಡಿಗಳ ಬೋರ್ಡುಗಳನ್ನೆಲ್ಲ ಹೊಸದಾಗಿ ಅಕ್ಷರ ಕಲಿತವರ ಹಾಗೆ ಓದಿಕೊಂಡು ಬರುತ್ತಿದ್ದರು. ರಾತ್ರಿ ಊಟಕ್ಕೆ ಕೂತು ಮೊದಲ ತುತ್ತಿಗೇ, ‘ಸಾರಿಗೆ ಉಪ್ಪು ಜಾಸ್ತಿಯಾಗಿದೆ’ ಎಂದರು. ನನಗಾದ ಸಂತೋಷಕ್ಕೆ ಅವರ ಎದುರಿಗೇ ನಕ್ಕುಬಿಟ್ಟೆ.

ಸೋಮವಾರ ಗುಜರಿಯವನು ತಕ್ಕಡಿ ಸಮೇತ ಬಂದ. ಇವರು ಪಾಲಿಹೌಸಿನ ಬಾಗಿಲಲ್ಲಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ಅವನು ಬೆಲೆ ಏರಿಸಿದ, ಇವರು ತಲೆ ಆಡಿಸಿದರು. ಮತ್ತೆ ಏರಿಸಿದ. ಸೊಳ್ಳೆ ಕಚ್ಚಿದರೂ ಇವರು ಕೈ ಮುಂದೆ ತರಲಿಲ್ಲ.

‘ಮಾರೋದಿಲ್ಲಪ್ಪಾ, ಹೋಗಿ ಬಾ’ ಎಂದು ಕಳಿಸಿಕೊಟ್ಟರು.

ಪರಿಹಾರ ಬಂದ ದಿನ ಹೊಸ ಹೊದಿಕೆಗೆ ಆರ್ಡರ್ ಚೀಟಿ ಬರೆದು ತಂದೆ. ಹಳೇ ಅಭ್ಯಾಸದ ಮೇಲೆ ಇವರ ಮುಂದೆ ಹಿಡಿದು ಸಹಿಯ ಜಾಗಕ್ಕೆ ಬೆರಳಿಟ್ಟೆ. ಇವರು ಪೆನ್ನು ಮುಟ್ಟಲಿಲ್ಲ.

‘ಇನ್ಮೇಲೆ ಹಾಗಾಗಲ್ಲ. ಮನೆಯಲ್ಲೂ ಓದ್ಬೇಕು. ಗಟ್ಟಿಯಾಗಿ’ ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗು ಸಿಕ್ಕಿಸಿಕೊಂಡು, ತಮ್ಮನ ರಾಗದಲ್ಲೇ ಶುರುಮಾಡಿದೆ. ಹೊದಿಕೆಯ ಉದ್ದ ಓದಿದೆ, ಅಗಲ ಓದಿದೆ, ಕಟ್ಟುವ ಹಗ್ಗ, ಕ್ಲಿಪ್ಪು, ಆಳಿನ ಕೂಲಿ ಎಲ್ಲ ಓದಿದೆ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ನೋಡಲಿ, ಇದೆಲ್ಲ ಎಲ್ಲರಿಗೂ ಗೊತ್ತಾಗಬೇಕಾದದ್ದೇ.

‘ತಕರಾರು ಉಂಟಾ? ಉಂಟಾ?’ ಎಂದು ಕೂಗಿ ನಿಲ್ಲಿಸಿದೆ.

ಇವರು ಕುರ್ಚಿಯಲ್ಲಿ ಕೂತಿದ್ದರು, ಮೂಗಿನ ಮೇಲೆ ಕನ್ನಡಕ. ನನ್ನನ್ನು ನೋಡುತ್ತಾ, ನಿಧಾನವಾಗಿ, ತಲೆಯ ಮೇಲಕ್ಕೆ ಪೂರ್ತಿ ಕೈ ಎತ್ತಿದರು. ನಾನು ಸೌಟಿನಿಂದ ತಟ್ಟೆಗೆ ಬಾರಿಸಿದೆ.